ಸಮರ ವಾರ್ತೆಯ ಎಂಟನೇ ಸುರುಳಿ

“ನಮ್ಮವ್ವ ಓಡೋದವಳಲ್ಲ ಅನ್ನೋಕೆ ಈ ಭೂಮಿ ಮ್ಯಾಲೆ ಒಂದೇ ಒಂದು ಸಾಕ್ಷಿ ಇತ್ತು ಕಣಪ್ಪ. ಅದನ್ನೂ ಯಾರೋ ಕದ್ದವ್ರೆ.”

ಬಾಗಿಲಲ್ಲಿ ನಿಂತು ಹೀಗೆಂದವರು ಹಾರನಹಳ್ಳಿಯ ರುದ್ರಮ್ಮ. ಎಪ್ಪತ್ತು ದಾಟಿದ ಹೆಂಗಸು. ಕಣ್ಣು ಮಂಜಾಗಿದ್ದರೂ ಟೆಂಪೊ ಹಿಡಿದು ಒಬ್ಬರೇ ಅರಸೀಕೆರೆಗೆ ಬಂದಿದ್ದರು. ಈಳಿಗೆಮಣೆಯ ಮೇಲೆ ಕೊಬ್ಬರಿ ಹೆಚ್ಚುತ್ತಿದ್ದ ಕುಮಾರಸ್ವಾಮಿ ಎದ್ದು ಹೋಗಿ ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ತಟ್ಟೆಯಲ್ಲಿ ಕೊಬ್ಬರಿ ಬೆಲ್ಲ ಇಟ್ಟು, “ಮೊದ್ಲು ಬಾಯಿಗೆ ಏನಾದ್ರೂ ಹಾಕ್ಕೊಳಿ ರುದ್ರಮ್ಮೋರೆ, ಆಮೇಲೆ ನಿಧಾನಕ್ಕೆ ಹೇಳಿ” ಎಂದ.

ಕುಮಾರಸ್ವಾಮಿ ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿದ್ದವನು. ಬೆಂಕಿ ಬಿದ್ದ ಕೊಬ್ಬರಿ ಗೋಡೌನು, ಮಗುಚಿಕೊಂಡ ಲಾರಿ, ಕ್ಲೇಮಿನಲ್ಲಿ ಸತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದ ಎಮ್ಮೆ, ಇವುಗಳ ನಿಜ ಹುಡುಕುತ್ತ ಆಯುಷ್ಯ ಕಳೆದ. ನಿವೃತ್ತನಾದ ಮೇಲೆ ಸುಮ್ಮನಿರಬಾರದೆ? ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಆ ಮನೆಗೆ ಊರಿನವರೆಲ್ಲ ತಮ್ಮ ತಮ್ಮ ಒಗಟು ಹೊತ್ತು ತರುತ್ತಾರೆ, ಇವನು ಬಿಡಿಸುತ್ತಾನೆ. ನಾನು ಶರತ್ಚಂದ್ರ, ಜಿಲ್ಲೆಯ ಒಂದು ದಿನಪತ್ರಿಕೆಗೆ ಅರಸೀಕೆರೆಯಿಂದ ಸುದ್ದಿ ಕಳಿಸುವವನು. ಅವನ ಸಾಹಸಗಳನ್ನು ಬರೆದಿಡುವ ಕೆಲಸವನ್ನು ಯಾರೂ ನನಗೆ ವಹಿಸಿಲ್ಲ, ನಾನೇ ಮೈಮೇಲೆ ಎಳೆದುಕೊಂಡಿದ್ದೇನೆ. ಬೇರೆ ಪ್ರಕರಣಗಳನ್ನು ಬರೆಯುವಾಗ ಖುಷಿಯಾಗುತ್ತದೆ. ಇದನ್ನು ಬರೆಯುವಾಗ ಮಾತ್ರ ಈಗಲೂ ಮೈ ಉರಿಯುತ್ತದೆ.

ರುದ್ರಮ್ಮ ಹೇಳಬೇಕೆಂದಿದ್ದ ವಿಷಯ ನನಗೆ ಅರ್ಧ ಗೊತ್ತಿತ್ತು. ಮಾತಿನ ಚಿತ್ರಗಳು ಬಂದ ಹೊಸತರಲ್ಲಿ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಪುಟ್ಟಸಿದ್ದಪ್ಪ ಶೆಟ್ಟರು ‘ಸಮರ ವಾರ್ತೆ’ ಎಂಬ ಚಿತ್ರ ತೆಗೆಸಿದರು. ಮೈಸೂರಿನ ಕುದುರೆಪಡೆಯ ಜೊತೆ ಮರಳುಗಾಡಿನ ಯುದ್ಧಕ್ಕೆ ಹೋಗುವ ಮಾಧವನೆಂಬ ವರದಿಗಾರ, ಅವನ ಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುವ ಕಮಲೆ, ಇವರಿಬ್ಬರ ಪ್ರೇಮದ ಕತೆ. ಕಮಲೆಯ ಮೇಲೆ ಕಣ್ಣಿಟ್ಟಿದ್ದ ಪತ್ರಿಕೆಯ ಮಾಲೀಕ, ಮಾಧವ ಯುದ್ಧದಲ್ಲಿ ಸತ್ತನೆಂದು ಸುಳ್ಳು ಸುದ್ದಿ ಅಚ್ಚು ಹಾಕಿಸುತ್ತಾನೆ. ಬೇಸಿಗೆಯಲ್ಲಿ ಬತ್ತಿದ ಹಳೇಬೀಡಿನ ಕೆರೆಯ ಅಂಗಳವೇ ಮರಳುಗಾಡಾಗಿತ್ತಂತೆ, ಅರಸೀಕೆರೆಯ ಜಟಕಾ ಕುದುರೆಗಳೇ ಸೈನ್ಯದ ಕುದುರೆಗಳಾಗಿದ್ದವಂತೆ. ಕಮಲೆಯಾಗಿ ನಟಿಸಿದವಳು ಹದಿನಾರರ ಹುಡುಗಿ ಚೆನ್ನಾಜಮ್ಮ. ಆಕೆಯೇ ರುದ್ರಮ್ಮನವರ ತಾಯಿ.

ಚಿತ್ರ ತೆರೆ ಕಾಣಲಿಲ್ಲ. ಕೊನೆಯ ಭಾಗದ ಚಿತ್ರೀಕರಣಕ್ಕೆ ಮುಂಚೆ ಚೆನ್ನಾಜಮ್ಮ ಯಾರ ಜೊತೆಯೋ ಓಡಿಹೋದಳು, ಶೆಟ್ಟರ ಮನೆತನ ಮಣ್ಣುಪಾಲಾಯಿತು ಎಂದು ಊರು ಮಾತಾಡಿತು. ಎಷ್ಟೋ ವರ್ಷದ ಮೇಲೆ ಆಕೆ ಹಾರನಹಳ್ಳಿಗೆ ಮದುವೆಯಾಗಿ ಬಂದಳು, ಮಗಳಿಗೆ ಎರಡು ತುಂಬುವ ಮೊದಲೇ ತೀರಿಕೊಂಡಳು. ಮಾತು ಮಾತ್ರ ಸಾಯಲಿಲ್ಲ.

“ನನ್ನ ಶಾಲೇಲಿ ಕರೀತಿದ್ದದ್ದೇ ಓಡೋದವಳ ಮಗಳು ಅಂತ,” ಎಂದರು ರುದ್ರಮ್ಮ. “ಬಂದ ಗಂಡುಗಳೆಲ್ಲ ಅದನ್ನ ಕೇಳಿ ಎದ್ದೋಗೋವು. ನಂಜಣ್ಣ ಒಬ್ಬ ಮುಂದೆ ನಿಂತು ಮದುವೆ ಮಾಡ್ಸಿದ. ಯಾರಪ್ಪನಿಗೆ ನಮ್ಮವ್ವ ದ್ರೋಹ ಮಾಡಿದ್ಳು ಅಂತಾರೋ ಅವನ ಮಗನೇ ನನ್ನ ಕೈಬಿಡಲಿಲ್ಲ ನೋಡು. ಒಡಹುಟ್ಟಿದೋನಿಗಿಂತ ಹೆಚ್ಚು.”

ನಂಜಪ್ಪನವರೆಂದರೆ ಪುಟ್ಟಸಿದ್ದಪ್ಪ ಶೆಟ್ಟರ ಮಗ, ಅರಸೀಕೆರೆಯ ದೊಡ್ಡ ಮಂಡಿ ವರ್ತಕರು, ನನ್ನ ಆಪ್ತರು. ಸಂಜೆಯಾದರೆ ಅವರ ಮಂಡಿಯ ಕಟ್ಟೆಯ ಮೇಲೆ ಕೂರದಿದ್ದರೆ ನನಗೆ ಅಂದಿನ ದಿನ ಮುಗಿದಂತೆ ಅನಿಸುತ್ತಿರಲಿಲ್ಲ.

ಇನ್ನರ್ಧ ಕತೆ ಕಳೆದ ಕಾರ್ತಿಕದಲ್ಲಿ ಶುರುವಾಗಿತ್ತು. ಬೇಲೂರಿನ ಪುಟ್ಟರಾಜು ತನ್ನ ಹಳೇ ಮನೆಯ ಒಂದು ಭಾಗ ಕೆಡವಿಸುವಾಗ, ಗೋಡೆ ಕಟ್ಟಿ ಮುಚ್ಚಿದ್ದ ಅಟ್ಟವೊಂದು ಬಯಲಾಗಿ ಅದರೊಳಗೆ ಎಂಟು ತಗಡಿನ ಡಬ್ಬಿಗಳು ಸಿಕ್ಕವು. ಅವನ ಅಜ್ಜ ‘ಸಮರ ವಾರ್ತೆ’ಗೆ ಶಬ್ದ ಹಿಡಿಯುವ ಯಂತ್ರದ ಬಳಿ ಕೆಲಸ ಮಾಡಿದವನು. ಸುದ್ದಿ ಹಬ್ಬಿ, ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ ಮಾಡುವ ಚೈತನ್ಯ ಎಂಬ ತರುಣ ಬೆಂಗಳೂರಿನಿಂದ ಬಂದ. ಡಬ್ಬಿ ತೆರೆಯುವ ದಿನ ರುದ್ರಮ್ಮ, ನಂಜಪ್ಪನವರು, ನಾನು, ಎಲ್ಲರೂ ಪುಟ್ಟರಾಜುವಿನ ನಡುಮನೆಯಲ್ಲಿ ಸೇರಿದ್ದೆವು.

ಡಬ್ಬಿಯ ಮೇಲಿನ ಚೀಟಿಗಳು ತುಕ್ಕು ತಿಂದು ಹೋಗಿದ್ದವು. ಆದರೆ ಒಳಗಿನ ಸುರುಳಿಗಳು ಪುಣ್ಯಕ್ಕೆ ಚೆನ್ನಾಗಿದ್ದವು. ಎಂಟಕ್ಕೆ ಎಂಟರ ಹೊರತುದಿಯಲ್ಲೂ ಒಂದೇ ಕೈಬರಹದಲ್ಲಿ ‘ಮುಗಿಯಿತು’ ಎಂದು ಶಾಯಿಯಲ್ಲಿ ಬರೆದಿತ್ತು. ಚೈತನ್ಯ ಬಿಳಿ ಕೈಗವಸು ಹಾಕಿಕೊಂಡು ಒಂದೊಂದನ್ನೇ ಎತ್ತಿ ತೋರಿಸಿದ. ಪುಟ್ಟರಾಜು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ. ನಂಜಪ್ಪನವರು ತುದಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಮೆಲ್ಲಗೆ ತುಟಿಗೆ ಮುಟ್ಟಿಸಿದರು. ಮರುದಿನದ ವರದಿಯಲ್ಲಿ ‘ತಂದೆಯ ಕನಸಿಗೆ ಮುತ್ತಿಟ್ಟ ಮಗ’ ಎಂದು ಉಪಶೀರ್ಷಿಕೆ ಕೊಟ್ಟೆ. ನನ್ನ ಸಂಪಾದಕರು ಎಂದೂ ಹೊಗಳದವರು, ಅಂದು ಫೋನು ಮಾಡಿ ಹೊಗಳಿದರು.

“ಆಮೇಲೆ ನಿನ್ನೆ ಬೆಂಗಳೂರಿಗೆ ಸಾಗ್ಸೋಕೆ ಅಂತ ಮತ್ತೆ ತೆಗೆದ್ರು,” ಎಂದರು ರುದ್ರಮ್ಮ. “ಏಳರಲ್ಲೂ ನಮ್ಮವ್ವನ ಚಿತ್ರ ಐತೆ. ಎಂಟನೇದ್ರಲ್ಲಿ ಏನೈತೆ ಗೊತ್ತಾ? ಭತ್ತಕ್ಕೆ ಗೊಬ್ಬರ ಹಾಕೋ ವಿಧಾನ!”

ನಾನೂ ಅಲ್ಲಿದ್ದೆ. ಯಾವುದೋ ಸರ್ಕಾರಿ ಸಾಕ್ಷ್ಯಚಿತ್ರ. ನಂಜಪ್ಪನವರು ನಿಟ್ಟುಸಿರು ಬಿಟ್ಟು, “ನಾನು ಹೇಳ್ತಿರ್ಲಿಲ್ವಾ? ಕೊನೇ ಭಾಗ ತೆಗೆದೇ ಇರ್ಲಿಲ್ಲ. ಡಬ್ಬಿ ಖಾಲಿ ಇರ್ಬಾರ್ದು ಅಂತ ಯಾವುದೋ ತುಂಬವ್ರೆ. ಹೋಗ್ಲಿ ಬಿಡು ರುದ್ರಿ, ಮನಸ್ಸಿಗೆ ಹಚ್ಕೋಬೇಡ” ಎಂದು ಆಕೆಯ ತಲೆ ಸವರಿದ್ದರು. ನಾನು ಅದನ್ನೇ ನಂಬಿ ‘ಅಪೂರ್ಣ ಚಿತ್ರ’ ಎಂದು ಸುದ್ದಿ ಕಳಿಸಿ ಬಂದಿದ್ದೆ.

“ನಮ್ಮ ಮೊಮ್ಮಗಳು ನಿನ್ನ ಹಳೇ ಸುದ್ದಿ ಓದಿ ಹೇಳಿದ್ಳು,” ಎಂದು ರುದ್ರಮ್ಮ ನನ್ನ ಕಡೆ ತಿರುಗಿದರು. “ಎಂಟಕ್ಕೆ ಎಂಟರಲ್ಲೂ ಮುಗಿಯಿತು ಅಂತ ಒಂದೇ ಕೈಯ ಅಕ್ಷರ ಇತ್ತು ಅಂತ ನೀನೇ ಬರ್ದಿದೀಯ. ಮುಗೀದೇ ಇದ್ದ ಚಿತ್ರಕ್ಕೆ ಎಂಟನೇದ್ರಲ್ಲಿ ಯಾರಪ್ಪ ಮುಗಿಯಿತು ಅಂತ ಬರೀತಾರೆ?”

ಕುಮಾರಸ್ವಾಮಿ ಹೆಚ್ಚಿದ ಕೊಬ್ಬರಿಯನ್ನು ಹಾಗೇ ಬಿಟ್ಟು ಮೆಟ್ಟು ಮೆಟ್ಟಿಕೊಂಡ. “ನಡಿಯೋ ಶರತ್ತು, ಬೇಲೂರಿನ ಬಸ್ಸಿಗೆ ಹೊತ್ತಾಯ್ತು.”

ದಾರಿಯಲ್ಲಿ ಅವನು ಕೇಳಿದ್ದು ಒಂದೇ: ಎರಡು ಸಲ ತೆರೆಯುವುದರ ನಡುವೆ ಡಬ್ಬಿಗಳು ಯಾರ ಯಾರ ಕೈಯಲ್ಲಿದ್ದವು? ನಾನು ನೆನಪಿಸಿಕೊಂಡು ಹೇಳಿದೆ. ಇದ್ದದ್ದು ಪುಟ್ಟರಾಜುವಿನ ಮನೆಯ ಕಲ್ಲಿನ ಕೋಣೆಯಲ್ಲಿ. ಚೈತನ್ಯ ಫೋಟೊ ತೆಗೆಯಲೆಂದು ಒಮ್ಮೆ ಹಳೇಬೀಡಿನ ತನ್ನ ಲಾಡ್ಜಿಗೆ ಒಯ್ದಿದ್ದ. ನಂಜಪ್ಪನವರು ಮಠದಲ್ಲಿ ಸ್ವಾಮಿಗಳ ಪಾದದ ಬಳಿ ಇಟ್ಟು ತರುತ್ತೇನೆಂದು ಕಾರಿನಲ್ಲಿ ಒಯ್ದು ಮರುದಿನ ತಂದಿದ್ದರು.

“ನಂಜಪ್ಪನವರನ್ನ ಲೆಕ್ಕಕ್ಕೆ ಇಟ್ಕೋಬೇಡ,” ಎಂದೆ.

“ಲೆಕ್ಕಕ್ಕೆ ಎಲ್ರೂ ಬರ್ತಾರೆ. ಬಿಡೋದು ಆಮೇಲೆ,” ಎಂದ.

ಪುಟ್ಟರಾಜು ನಮ್ಮನ್ನು ನೋಡಿದ್ದೇ ಸಿಡುಕಿದ. ಆ ಡಬ್ಬಿಗಳನ್ನು ಮುಂಬಯಿಯ ಸಂಗ್ರಾಹಕರಿಗೆ ಮಾರಬೇಕೆಂದು ಅವನಿಗೆ ಆಸೆಯಿತ್ತು, ರುದ್ರಮ್ಮನ ಕಣ್ಣೀರಿಗೆ ಸೋತು ಬೆಂಗಳೂರಿಗೆ ಕಳಿಸಲು ಒಪ್ಪಿಕೊಂಡಿದ್ದ. “ನನ್ನ ಮೇಲೇ ಅನುಮಾನಾನಾ ಸಾರ್? ನಾನು ಮುಟ್ಟಿದ್ರೆ ಕೇಳಿ. ಆ ಚೈತನ್ಯ ಬೇರೆ ನಿನ್ನೆ ನಂಗೆ ಬಾಯಿಗೆ ಬಂದಂಗೆ ಬೈದ, ಸುರುಳಿ ಎಲ್ಲಾ ಬಿಚ್ಚಿ ಸುತ್ತಿದೀಯ ಅಂತ. ನಂಗೇನು ಅದನ್ನ ಸುತ್ತೋಕೆ ಬತ್ತದಾ?”

“ಬಿಚ್ಚಿ ಸುತ್ತಿದ್ರಾ? ಅವನಿಗೆ ಹೆಂಗೆ ಗೊತ್ತಾಯ್ತು?”

“ನೀವೇ ನೋಡಿ.”

ಪುಟ್ಟರಾಜು ಡಬ್ಬಿಗಳನ್ನು ತೆರೆದ. ಈಗ ‘ಸಮರ ವಾರ್ತೆ’ಯ ಏಳೂ ಸುರುಳಿಗಳ ಹೊರತುದಿಯಲ್ಲಿ ‘ಆರಂಭ’ ಎಂದಿತ್ತು. ನಿನ್ನೆ ಅದನ್ನು ನೋಡಿ ಶುಭಶಕುನವೆಂದು ಸಂತೋಷಪಟ್ಟಿದ್ದ ಮಹಾಶಯ ನಾನೇ. ಕುಮಾರಸ್ವಾಮಿ ಸುರುಳಿಗಳ ಬದಿಯ ಮೇಲೆ ಬೆರಳಾಡಿಸಿದ. ಗಾಣದ ಎತ್ತು ಸುತ್ತಿದ ಹಾದಿಯಂತೆ ಒಂದರ ಮೇಲೊಂದು ಸಮನಾಗಿ, ಬಿಗಿಯಾಗಿ ಸುತ್ತಿತ್ತು. ಗೊಬ್ಬರದ ಚಿತ್ರವೂ ಹಾಗೇ ಇತ್ತು. ಅದರ ಅಂಚನ್ನು ಬೆಳಕಿಗೆ ಹಿಡಿದು ಅವನು ಬಹಳ ಹೊತ್ತು ನೋಡಿದ.

ಹಳೇಬೀಡಿನಲ್ಲಿ ಚೈತನ್ಯ ಕೆರೆಯ ಏರಿಯ ಮೇಲೆ ಸಿಕ್ಕಿದ. ಮರಳುಗಾಡಿನ ದೃಶ್ಯ ತೆಗೆದ ಜಾಗವನ್ನು ಗುರುತಿಸಲು ಹೊರಟಿದ್ದ, ಆದರೆ ಈ ವರ್ಷ ಕೆರೆ ತುಂಬಿ ಮರಳುಗಾಡು ನೀರಲ್ಲಿ ಮುಳುಗಿತ್ತು. “ಸಾರ್, ನಾನೇ ಕದ್ದಿದ್ರೆ ಇನ್ನೂ ಇಲ್ಲೇ ಯಾಕಿರ್ಲಿ?” ಎಂದು ಅವನೇ ಮೊದಲು ಮಾತು ತೆಗೆದ.

“ಅದಲ್ಲಪ್ಪ,” ಎಂದ ಕುಮಾರಸ್ವಾಮಿ. “ಮೊದಲ ದಿನ ಮುಗಿಯಿತು ಅನ್ನೋ ತುದಿ ಹೊರಗಿತ್ತಲ್ಲ, ನೀನು ಯಾಕೆ ತಿರುಗಿಸಿ ಸುತ್ತಿ ಸರಿ ಮಾಡ್ಲಿಲ್ಲ?”

“ಅಯ್ಯೋ, ಅದೇ ಸರಿ ಸಾರ್! ಇಡೋ ಫಿಲಂನ ನಾವು ಯಾವಾಗ್ಲೂ ಕೊನೆ ತುದಿ ಹೊರಗಿರೋ ಥರಾನೇ ಇಡ್ತೀವಿ. ಸುಮ್‌ಸುಮ್ನೆ ಬಿಚ್ಚಿ ಸುತ್ತಿದ್ರೆ ಆ ವಯಸ್ಸಿನ ಫಿಲಂ ಪುಡಿಯಾಗತ್ತೆ. ಅದಕ್ಕೇ ನಿನ್ನೆ ಅಷ್ಟು ಕೋಪ ಬಂದಿದ್ದು.”

“ಮತ್ತೆ ಆ ಗೊಬ್ಬರದ ಫಿಲಂ ಅಂಚಲ್ಲಿ ಇಂಗ್ಲಿಷ್‌ನಲ್ಲಿ ‘ಸೇಫ್ಟಿ’ ಅಂತ ಇದೆಯಲ್ಲ?”

ಚೈತನ್ಯ ತಲೆ ಚಚ್ಚಿಕೊಂಡ. “ಜಗಳದ ಬಿಸೀಲಿ ಅದನ್ನ ನೋಡ್ಲೇ ಇಲ್ಲ ನಾನು! ಆ ಕಾಲದ ಚಿತ್ರಗಳ ಫಿಲಂ ಬೆಂಕಿ ತಗುಲಿದ್ರೆ ಭಗ್ಗನೆ ಉರಿಯೋದು. ಹಾಗೆ ಉರಿಯದ ಈ ಸೇಫ್ಟಿ ಫಿಲಂ ನಮ್ಮ ಟೆಂಟುಗಳಿಗೆ ಬಂದಿದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆದ್ಮೇಲೆ ಸಾರ್.”

ವಾಪಸು ಬರುವಾಗ ಕುಮಾರಸ್ವಾಮಿ ನನ್ನನ್ನು ನಂಜಪ್ಪನವರ ಮಂಡಿಗೇ ಕರೆದೊಯ್ದ. ಗುಮಾಸ್ತರು ಕೊಬ್ಬರಿ ಚೀಲ ಹೊಲಿಯುತ್ತಿದ್ದರು. ನಂಜಪ್ಪನವರು ಎಂದಿನಂತೆ, “ಏನ್ಲಾ ಪೇಪರು, ಬಾರಲಾ!” ಎಂದು ನನ್ನ ಭುಜ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು, ಕಾಫಿ ತರಿಸಿದರು. ತಂದೆಯ ಹೆಸರಿನಲ್ಲಿ ಕಟ್ಟಿಸುತ್ತಿದ್ದ ಸಮುದಾಯ ಭವನದ ಆಹ್ವಾನ ಪತ್ರಿಕೆ ತೋರಿಸಿದರು. ಬರುವ ತಿಂಗಳು ಸ್ವಾಮಿಗಳು ಬಂದು ಪುಟ್ಟಸಿದ್ದಪ್ಪ ಶೆಟ್ಟರ ಪುತ್ಥಳಿಯನ್ನು ಅನಾವರಣ ಮಾಡುವವರಿದ್ದರು.

“ನಿಮ್ಮದೊಂದು ಟೆಂಟ್ ಸಿನಿಮಾ ಇತ್ತಂತಲ್ಲ ಶೆಟ್ರೇ?” ಎಂದು ಕುಮಾರಸ್ವಾಮಿ ಕೇಳಿದ.

“ಇತ್ತು ಇತ್ತು. ಅರೇಹಳ್ಳಿ, ಗೆಂಡೆಹಳ್ಳಿ ಕಡೆ ಎಲ್ಲಾ ಹಾಕ್ತಿದ್ವಿ. ನಾನು ಗಲ್ಲಾದಲ್ಲಿ ಕೂತು ಟಿಕೆಟ್ ಹರೀತಿದ್ದೆ ಅಷ್ಟೇಯ. ಆ ಮಿಷಿನ್ನಿನ ತಲೆ ಯಾವುದು ಬಾಲ ಯಾವುದು ಇವತ್ತಿಗೂ ಗೊತ್ತಿಲ್ಲ ನಂಗೆ,” ಎಂದು ನಂಜಪ್ಪನವರು ನಕ್ಕರು. ನಾನೂ ನಕ್ಕೆ.

ಮಂಡಿಯಿಂದ ಹೊರಬಂದ ಮೇಲೆ ಕುಮಾರಸ್ವಾಮಿ, “ಶರತ್ತು, ಆ ಮುತ್ತಿನ ಸುದ್ದಿ ಬರೆದ್ಯಲ್ಲ, ಅದು ಕಣ್ಣಾರೆ ಕಂಡಿದ್ದಾ, ಅಲಂಕಾರಕ್ಕೆ ಸೇರಿಸಿದ್ದಾ?” ಎಂದ. ಕಣ್ಣಾರೆ ಕಂಡದ್ದು ಎಂದು ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ. “ಹಾಗಿದ್ರೆ ಎಲ್ರನ್ನೂ ಬೇಲೂರಿಗೆ ಕರೆಸು” ಎಂದ.

ಭಾನುವಾರ ಮಧ್ಯಾಹ್ನ ಪುಟ್ಟರಾಜುವಿನ ನಡುಮನೆಯಲ್ಲಿ ಎಲ್ಲರೂ ಸೇರಿದೆವು. ನಂಜಪ್ಪನವರು ರುದ್ರಮ್ಮನನ್ನು ತಮ್ಮ ಕಾರಿನಲ್ಲೇ ಕರೆತಂದಿದ್ದರು, ಮೆಟ್ಟಿಲು ಹತ್ತುವಾಗ ಕೈ ಹಿಡಿದುಕೊಂಡಿದ್ದರು. ಪುಟ್ಟರಾಜು ಗೋಡೆಗೆ ಒರಗಿ ನಿಂತ. ಚೈತನ್ಯ ಡಬ್ಬಿಗಳ ಪಕ್ಕ ಕೂತ. ಕುಮಾರಸ್ವಾಮಿ ಗಂಟಲು ಸರಿಪಡಿಸಿಕೊಂಡ.

“ಮೊದಲನೇ ಪ್ರಶ್ನೆ: ಕಳ್ಳತನ ಆಗಿದೆಯಾ ಇಲ್ವಾ? ಖಾಲಿ ಡಬ್ಬಿಗೆ ಆವತ್ತೇ ಏನೋ ತುಂಬಿದ್ರು ಅಂತ ಶೆಟ್ರು ಹೇಳ್ತಾರೆ. ಆದ್ರೆ ಈ ಗೊಬ್ಬರದ ಫಿಲಂ ‘ಸಮರ ವಾರ್ತೆ’ ತೆಗೆದು ದಶಕಗಳಾದ ಮೇಲೆ ಹುಟ್ಟಿದ್ದು. ಅಟ್ಟಕ್ಕೆ ಗೋಡೆ ಕಟ್ಟಿ ಮುಚ್ಚಿದ ಮೇಲೆ ಅದು ತಾನಾಗೇ ಒಳಗೆ ನುಗ್ಗೋಕೆ ಆಗಲ್ಲ. ಡಬ್ಬಿಗಳು ಸಿಕ್ಕಿದ ಮೇಲೇ ಯಾರೋ ಬದಲಾಯಿಸಿದ್ದಾರೆ. ಎಂಟನೇ ಸುರುಳಿ ಇತ್ತು. ಅದರಲ್ಲಿ ಚೆನ್ನಾಜಮ್ಮನೂ ಇದ್ರು, ಇಲ್ದಿದ್ರೆ ಯಾರೂ ಅದನ್ನ ಕದೀತಿರಲಿಲ್ಲ.”

ರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ನಂಜಪ್ಪನವರು, “ಹಂಗಾದ್ರೆ ಕಳ್ಳನ್ನ ಹಿಡೀಲೇಬೇಕು ಕುಮಾರಸ್ವಾಮಿಗಳೇ” ಎಂದರು.

“ಹಿಡಿಯೋಣ. ಕದ್ದೋನು ಬರೀ ಒಂದನ್ನ ಮುಟ್ಟಿ ಬಿಡಲಿಲ್ಲ, ಎಲ್ಲವನ್ನೂ ಮುಟ್ಟಿದಾನೆ. ಉಳಿದ ಏಳರ ತುದೀಲೂ ಮುಗಿಯಿತು ಇದ್ದದ್ದು ಆರಂಭ ಆಗಿದೆ. ಚೀಟಿಗಳು ಹೋಗಿದ್ವಲ್ಲ, ಕೊನೇ ಭಾಗ ಯಾವುದು ಅಂತ ತಿಳಿಯೋಕೆ ಅವನು ಎಲ್ಲವನ್ನೂ ಮೊದಲವರೆಗೂ ಬಿಚ್ಚಿ ನೋಡಬೇಕಾಯ್ತು. ಬಿಚ್ಚಿದ್ದು ಕಷ್ಟವಲ್ಲ. ಇಷ್ಟು ಸಮವಾಗಿ, ಬಿಗಿಯಾಗಿ ಸುತ್ತಿದಾನಲ್ಲ, ಅದಕ್ಕೆ ಸುತ್ತೋ ಯಂತ್ರ ಬೇಕು, ಪಳಗಿದ ಕೈ ಬೇಕು. ಪುಟ್ಟರಾಜು ಹತ್ರ ಎರಡೂ ಇಲ್ಲ.”

“ಹೇಳ್ಲಿಲ್ವಾ ನಾನು!” ಎಂದ ಪುಟ್ಟರಾಜು.

“ಚೈತನ್ಯನ ಹತ್ರ ಎರಡೂ ಇದೆ. ಆದ್ರೆ ಕೊನೆ ತುದಿ ಹೊರಗಿಡೋದು ಅವನ ವಿದ್ಯೆಯ ನಿಯಮ. ತಿರುಗಾ ಸುತ್ತಿಟ್ಟು ತನ್ನ ಗುರುತು ತಾನೇ ಬಿಡ್ತಿರಲಿಲ್ಲ. ಸೇಫ್ಟಿ ಅಂತ ಅಚ್ಚಾಗಿರೋ ಫಿಲಂ ತಂದು ಹಳೇದರ ಜಾಗಕ್ಕೆ ಇಡೋ ಮಂಕುತನಾನೂ ಮಾಡ್ತಿರಲಿಲ್ಲ. ಹಾಗಾದ್ರೆ ಎಂಥವನು? ಆಟ ಮುಗಿದ ಮೇಲೆ ಸುರುಳೀನ ಮೊದಲಿಗೆ ಸುತ್ತಿಡದೆ ಮಲಗಿದ್ರೆ ನಿದ್ದೆ ಬಾರದವನು. ನಾಳೆ ಆಟಕ್ಕೆ ಆರಂಭ ಮೇಲಿರಬೇಕಲ್ಲ, ಆ ಅಭ್ಯಾಸದವನು. ಆಟಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸ್ತಿದ್ದ ಸರ್ಕಾರಿ ಚಿತ್ರದ ತುಂಡು ಇನ್ನೂ ಮನೇಲಿ ಬಿದ್ದಿರೋನು. ಅಂದ್ರೆ, ಟೆಂಟಿನಲ್ಲಿ ಮಿಷಿನ್ ಓಡಿಸಿದವನು.”

ನಂಜಪ್ಪನವರು ನಕ್ಕರು. ನಗು ಸ್ವಲ್ಪ ತಡವಾಗಿ ಬಂತು. “ಟೆಂಟು ಅಂದ್ರೆ ನಮ್ದೇ ಅಂತೀರಾ? ನಾನು ಗಲ್ಲಾದಲ್ಲಿದ್ದೋನು ಅಂತ ಹೇಳಿದ್ನಲ್ಲ. ಶರತ್ತು, ಹೇಳೋ ಇವರಿಗೆ.”

ನಾನು ಬಾಯಿ ತೆರೆದೆ. ಕುಮಾರಸ್ವಾಮಿ ಕೈಯೆತ್ತಿ ತಡೆದ.

“ಶರತ್ತು ಆಗಲೇ ಹೇಳಿದಾನೆ, ಪತ್ರಿಕೇಲಿ. ನೀವು ಫಿಲಮ್ಮಿಗೆ ಮುತ್ತಿಟ್ರಿ ಅಂತ. ನಾನು ಓದಿದಾಗ್ಲೇ ಎಲ್ಲೋ ಕಚ್ಚಿಕೊಳ್ತು. ಶೆಟ್ರೇ, ನಮ್ಮ ಸೀಮೇಲಿ ಅಪ್ಪನ ನೆನಪಿನ ವಸ್ತು ಕೈಗೆ ಬಂದ್ರೆ ಏನ್ ಮಾಡ್ತೀವಿ? ಕಣ್ಣಿಗೊತ್ಕೊತೀವಿ. ದೇವರ ಪ್ರಸಾದ ಆಗ್ಲಿ, ಹಿರಿಯರ ಶಾಲು ಆಗ್ಲಿ, ಕಣ್ಣಿಗೇ. ಲಿಂಗ ಕಟ್ಟಿದ ಎಪ್ಪತ್ತಾರರ ಹಿರಿಯ ನಾಲ್ಕು ಜನರೆದುರು ತುಟಿಗೆ ಮುಟ್ಟಿಸಲ್ಲ. ಎಂಜಲಾಗತ್ತೆ ಅಂತ ಮಕ್ಕಳಿಗೆ ಬೈಯ್ಯೋರು ನೀವು. ಚೈತನ್ಯ, ಫಿಲಂನ ತುಟಿಗೆ ಯಾರಪ್ಪ ಮುಟ್ಟಿಸ್ತಾರೆ?”

ಚೈತನ್ಯನ ಮುಖ ಬಿಳಿಚಿತ್ತು. “ಹಳೇ ಆಪರೇಟರ್‌ಗಳು ಸಾರ್. ಫಿಲಮ್ಮಿಗೆ ಒಂದು ಕಡೆ ಮಾತ್ರ ಚಿತ್ರ ಮೂಡೋ ಲೇಪ ಇರತ್ತೆ. ಕತ್ತಲಲ್ಲಿ ಅದು ಯಾವ ಕಡೆ ಅಂತ ಕಣ್ಣಿಗೆ ಕಾಣಲ್ಲ. ತುಟಿಯ ತೇವಕ್ಕೆ ಲೇಪದ ಕಡೆ ಅಂಟತ್ತೆ. ಅದನ್ನ ನೋಡಿ ಮಿಷಿನ್ನಿಗೆ ಏರಿಸ್ತಿದ್ರು.”

“ಗಲ್ಲಾದಲ್ಲಿ ಕೂತು ಟಿಕೆಟ್ ಹರೀತಿದ್ದವರಿಗೆ ಆ ಅಭ್ಯಾಸ ಬರಲ್ಲ,” ಎಂದ ಕುಮಾರಸ್ವಾಮಿ. “ಕೈಗೆ ಫಿಲಂ ಬಂತು, ತಾನಾಗೇ ತುಟಿಗೆ ಹೋಯ್ತು. ನಿಮಗೇ ಗೊತ್ತಾಗಲಿಲ್ಲ. ನೋಡಿದವರಿಗೂ ಗೊತ್ತಾಗಲಿಲ್ಲ, ಇವನು ಅದನ್ನ ಭಕ್ತಿ ಅಂತ ಅಚ್ಚು ಹಾಕಿಸಿಬಿಟ್ಟ. ಮಠಕ್ಕೆ ಅಂತ ಒಯ್ದಿದ್ದ ಡಬ್ಬಿಗಳು ಆ ರಾತ್ರಿ ನಿಮ್ಮ ತೋಟದ ಮನೇಲಿ ಇದ್ದಿರಬೇಕು. ಹಳೇ ಸುತ್ತೋ ಯಂತ್ರ ಅಲ್ಲೇ ಇದೆ ಅಲ್ವಾ?”

ಮೊದಲು ಬಾಯಿಬಿಟ್ಟವರು ರುದ್ರಮ್ಮ. ಅವರು ನಂಜಪ್ಪನವರ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

“ನಂಜಣ್ಣ, ಸುಳ್ಳು ಅಂತ ಹೇಳು. ನೀನು ಒಂದು ಮಾತು ಸುಳ್ಳು ಅಂದ್ರೆ ಸಾಕು, ನಾನು ಇವರನ್ನೆಲ್ಲ ಬೈದು ಎದ್ದೋಗ್ತೀನಿ.”

ನಂಜಪ್ಪನವರು ತಲೆ ತಗ್ಗಿಸಿದರು. ರುದ್ರಮ್ಮ ಕೇಳುತ್ತಲೇ ಇದ್ದರು, “ಹೇಳಣ್ಣ, ಹೇಳು” ಎಂದು. ಕೊನೆಗೆ ಅವರೇ ಕೈ ಬಿಟ್ಟರು.

ಆಮೇಲೆ ಎಲ್ಲ ಹೊರಬಂತು. ಚಿತ್ರ ಪೂರ್ತಿಯಾಗಿತ್ತು. ಪುಟ್ಟಸಿದ್ದಪ್ಪ ಶೆಟ್ಟರು ಮನೆಯಲ್ಲಿ ಹೆಂಡತಿ ಇರುವಾಗಲೇ ಚೆನ್ನಾಜಮ್ಮನನ್ನು ಎರಡನೇ ಸಂಬಂಧಕ್ಕೆ ಕೇಳಿದರು. ಆ ಹುಡುಗಿ ಒಲ್ಲೆನೆಂದು ಮುಖಕ್ಕೆ ಹೇಳಿದಳು. ಶೆಟ್ಟರು ಹಟಕ್ಕೆ ಬಿದ್ದು, ಮುಗಿದ ಚಿತ್ರವನ್ನು ಒಬ್ಬರೇ ಕೂತು ಒಂದು ಸಲ ಕೊನೆಯವರೆಗೂ ನೋಡಿ, ಸುಟ್ಟುಹಾಕೆಂದು ಪುಟ್ಟರಾಜುವಿನ ಅಜ್ಜನ ಕೈಗೆ ಕೊಟ್ಟರು. ಮೊದಲಿಗೆ ಸುತ್ತುವ ಗೊಡವೆಗೂ ಹೋಗಲಿಲ್ಲ. ಆತ ಸುಡಲಾರದೆ ಅಟ್ಟದಲ್ಲಿ ಮುಚ್ಚಿಟ್ಟ. ಹುಡುಗಿ ಓಡಿಹೋದಳೆಂಬ ಮಾತನ್ನು ಊರಿಗೆ ಬಿಟ್ಟವರು ಶೆಟ್ಟರೇ. ಆಕೆ ಊರು ಬಿಟ್ಟದ್ದು ಆ ಮಾತು ಹುಟ್ಟಿದ ಮೇಲೆ, ತಲೆ ಎತ್ತಿ ತಿರುಗಲಾರದೆ.

“ಚಿತ್ರದ ಕತೇಲಿ ಪತ್ರಿಕೆ ಮಾಲೀಕ ಮಾಡಿದ್ದನ್ನೇ ನಿಮ್ಮಪ್ಪ ಮಾಡಿದ್ರು,” ಎಂದ ಕುಮಾರಸ್ವಾಮಿ.

“ನಿಂಗೆ ಯಾವಾಗ ಗೊತ್ತಾಯ್ತು?” ರುದ್ರಮ್ಮನವರ ಧ್ವನಿ ಬಹಳ ಸಣ್ಣದಾಗಿತ್ತು.

“ಅಪ್ಪ ಸಾಯೋವಾಗ ಹೇಳಿದ್ರು. ನಿನ್ನ ಮದುವೆಗೆ ಮುಂಚೆ.”

“ಮದುವೆಗೆ ಮುಂಚೆ?”

“ಅದಕ್ಕೇ ರುದ್ರಿ ನಿನ್ನ ಮದುವೆ ಮಾಡಿಸಿದ್ದು. ಅಪ್ಪನ ಪಾಪ ನನ್ನ ತಲೆ ಮೇಲಿತ್ತಲ್ಲ. ನಿಂಗೇನು ಕಮ್ಮಿ ಮಾಡಿದೀನಿ ಹೇಳು? ಆದ್ರೆ ಅಪ್ಪನ ಹೆಸ್ರು ಬೀದಿಗೆ ಬರ್ಬಾರ್ದು ಅಂತ ಇದೊಂದು…”

“ನನ್ನ ಶಾಲೆ ಬಿಡಿಸಿದ್ದು ಆ ಮಾತು. ನನ್ನ ಮಗಳ ಸಂಬಂಧ ಮುರಿದದ್ದು ಆ ಮಾತು. ಆವತ್ತು ನೀನು ಪಕ್ಕದಲ್ಲೇ ಕೂತು ನನ್ನ ಜೊತೆ ಅತ್ತೆ. ಅಳೋದ್ರ ಬದ್ಲು ಒಂದು ಮಾತು ಆಡಿದ್ರೆ ಆಗ್ತಿರ್ಲಿಲ್ವಾ?”

ನಂಜಪ್ಪನವರು, ಸುರುಳಿ ತೋಟದ ಪಂಪುಮನೆಯಲ್ಲಿದೆ ಎಂದರು. “ಸುಡೋಕೆ ಕೈ ಬರ್ಲಿಲ್ಲ” ಎಂದರು. ಕುಮಾರಸ್ವಾಮಿ ಅವರ ಮುಖ ನೋಡಿದ. ಅವರೇ ತಿದ್ದಿಕೊಂಡರು: “ಆ ಫಿಲಂ ಸುಟ್ರೆ ಹೊಗೆ ಊರಿಗೇ ಕಾಣ್ತದೆ. ಭವನದ ಕಾರ್ಯಕ್ರಮ ಮುಗಿದ ಮೇಲೆ ನೋಡೋಣ ಅಂತಿದ್ದೆ.”

ಆ ಮಾತು ಕೇಳಿದಾಗ ನನಗಾದದ್ದನ್ನು ಮುಚ್ಚಿಡುವುದಿಲ್ಲ. ಆ ಮನುಷ್ಯನ ಕಟ್ಟೆಯ ಮೇಲೆ ನಾನು ಕಳೆದ ಸಂಜೆಗಳೆಲ್ಲ ಒಟ್ಟಿಗೆ ನೆನಪಾದವು. ಅವರು ನನ್ನ ಕೈಯಿಂದಲೇ ‘ಅಪೂರ್ಣ ಚಿತ್ರ’ ಎಂದು ಬರೆಸಿದ್ದರು. ಹಳೆಯ ಸುಳ್ಳಿಗೆ ಹೊಸ ಅಚ್ಚು ಬೇಕಿತ್ತು, ನಾನು ಹಾಕಿಕೊಟ್ಟೆ. ಹೊರಗೆ ಕಾರಿನ ಬಳಿ ಅವರು ನನ್ನ ಭುಜ ಹಿಡಿದು, “ಇದನ್ನ ಹಾಕ್ಬೇಡ ಕಣ್ಲಾ. ಹಳೇ ಗೆಳೆತನಕ್ಕೆ ಕೇಳ್ತಿದೀನಿ, ಹೊಟ್ಟೆಗೆ ಹಾಕ್ಕೋ” ಎಂದರು. ನಾನು ಭುಜ ಬಿಡಿಸಿಕೊಂಡು ಬಸ್ಸಿಗೆ ಹೋದೆ. ಸುದ್ದಿ ಎರಡನೇ ಪುಟದಲ್ಲಿ, ಎಲ್ಲರ ಹೆಸರಿನ ಸಮೇತ ಬಂತು. ಸಮುದಾಯ ಭವನದ ಉದ್ಘಾಟನೆಗೆ ಸ್ವಾಮಿಗಳು ಬರಲಿಲ್ಲ, ಅನಾರೋಗ್ಯವೆಂದು ಹೇಳಿ ಕಳಿಸಿದರು.

ಪೊಲೀಸರ ಮಾತು ಬಂದಾಗ ರುದ್ರಮ್ಮ ಬೇಡವೆಂದರು. ಅವರಿಗೆ ಬೇಕಾಗಿದ್ದುದು ಸುರುಳಿ ಒಂದೇ.

ಮಾಘದ ಹೊತ್ತಿಗೆ ಚೈತನ್ಯ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಹಾರನಹಳ್ಳಿಗೆ ಬಂದ. ರುದ್ರಮ್ಮನವರ ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ತುಂಬಿದ್ದರು. ‘ಓಡೋದವಳು’ ಎಂಬ ಮಾತನ್ನು ಜೀವಮಾನವಿಡೀ ಆಡಿದ್ದವರೂ ಅವರಲ್ಲಿದ್ದರು, ಕುಮಾರಸ್ವಾಮಿ ನನಗೆ ಕಣ್ಣಲ್ಲೇ ತೋರಿಸಿದ. ರುದ್ರಮ್ಮ ಪರದೆಗೆ ಮುಖ ತಾಗುವಷ್ಟು ಹತ್ತಿರ ಕೂತರು.

ಎಂಟನೇ ಸುರುಳಿ ಓಡಿತು. ಚಿತ್ರ ಗೀಚು ಗೀಚಾಗಿತ್ತು. ಅಚ್ಚುಕೂಟದ ಬಾಗಿಲಿಗೆ ಅಡ್ಡನಿಂತ ಮಾಲೀಕ, ಊರು ಬಿಟ್ಟು ಹೋಗೆಂದು ಗದರಿಸುತ್ತಾನೆ. ಎರಡು ಜಡೆಯ ಹುಡುಗಿ ಮೊಳೆಯ ಪೆಟ್ಟಿಗೆಯಿಂದ ತಲೆಯೆತ್ತುತ್ತಾಳೆ. ಆ ಕಾಲದ ನಾಟಕದ ಧಾಟಿಯಲ್ಲಿ, ಆದರೆ ಒಂದಿಷ್ಟೂ ನಡುಗದ ಧ್ವನಿಯಲ್ಲಿ ಹೇಳುತ್ತಾಳೆ: “ನಾನೆಲ್ಲಿಗೂ ಹೋಗೆನು. ದಿಟವು ಅಚ್ಚಾಗುವ ತನಕ ನಾನಿಲ್ಲಿಯೇ ಇರುವೆನು.”

ರುದ್ರಮ್ಮ ಜೋರಾಗಿ ಅತ್ತುಬಿಟ್ಟರು. ಸುತ್ತಲಿದ್ದ ಹೆಂಗಸರೂ ಅತ್ತರು. ಆಗಲೇ ಬಾಗಿಲ ಕಡೆಯಿಂದ “ರುದ್ರಿ” ಎಂದು ಯಾರೋ ಕರೆದರು. ನಂಜಪ್ಪನವರು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಂತಿದ್ದರು. ಒಂದು ತಿಂಗಳಲ್ಲಿ ಹತ್ತು ವರ್ಷ ಮುದುಕರಾಗಿದ್ದರು.

ಎಲ್ಲರೂ ರುದ್ರಮ್ಮನ ಮುಖ ನೋಡಿದರು. ಅವರು ಬೈಯುತ್ತಾರೆ ಎಂದು ನಾನು ಕಾದೆ, ಬೈಯಲಿ ಎಂದೂ ಬಯಸಿದೆ. ಅವರು ಕಣ್ಣೊರೆಸಿಕೊಂಡು, ಮನೆಗೆ ಬಂದ ಅಪರಿಚಿತರಿಗೆ ತೋರುವಷ್ಟು ಮರ್ಯಾದೆಯಿಂದ ಮಾತಾಡಿದರು.

“ಬನ್ನಿ ನಂಜಪ್ಪನವರೇ, ಒಳಗೆ ಬಂದು ಕೂತ್ಕೊಳಿ. ನಮ್ಮವ್ವ ಮಾತಾಡ್ತಾವ್ಳೆ, ನೀವೂ ಕೇಳಿ.”

ನಂಜಪ್ಪನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬೈದಿದ್ದರೆ ಒಳಗೆ ಬರುತ್ತಿದ್ದರೇನೋ. ಅವರ ಕಾಲು ಹೊಸ್ತಿಲು ದಾಟಲಿಲ್ಲ. ರುದ್ರಮ್ಮ ಆ ಕಡೆ ಮತ್ತೆ ನೋಡಲಿಲ್ಲ, ಪರದೆಗೆ ಇನ್ನೂ ಹತ್ತಿರ ಸರಿದು, “ಇನ್ನೊಂದು ಸಲ ಹಾಕಪ್ಪ” ಎಂದರು ಚೈತನ್ಯನಿಗೆ.